ಜಾಲಿಮರ ಅಕೇಶಿಯಾ ಅಲ್ಲವಂತೆ. ವೈಜ್ಞಾನಿಕ ಹೆಸರು ಹೀಗೆ ಬದಲಾಗುತ್ತಲೇ ಇದ್ದರೆ ಹೇಗೆ?

ಹಳೆನೋಟ್‌ಬುಕ್:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಬೇಸರದಲ್ಲೇ ಬರೆಯುತ್ತಿದ್ದೇನೆ.

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ನಾನು ಕಂಡ ಗಿಡ, ಹಕ್ಕಿ, ಕಪ್ಪೆ, ಹಾವು ಎಲ್ಲವನ್ನೂ ನೋಟ್‌ಬುಕ್‌ನಲ್ಲಿ ಬರೆದಿಡುತ್ತಾ ಬಂದಿದ್ದೇನೆ. ಶುರು ಮಾಡಿದಾಗ ನನಗೆ ಕಲಿಸಿದವರು ಒಂದು ಮಾತು ಹೇಳಿದ್ದರು. ಜನ ಕರೆಯುವ ಹೆಸರು ಹತ್ತು ಮೈಲಿಗೊಂದು ಇರುತ್ತದೆ, ನೀನು ವೈಜ್ಞಾನಿಕ ಹೆಸರನ್ನೇ ಬರೆದುಕೋ, ಅದು ಎಲ್ಲಿ ಹೋದರೂ ಒಂದೇ, ಯಾವತ್ತಿಗೂ ಒಂದೇ ಅಂತ. ಅದನ್ನು ನಂಬಿ ಕಷ್ಟಪಟ್ಟು ಆ ಹೆಸರುಗಳನ್ನೆಲ್ಲ ಬಾಯಿಪಾಠ ಮಾಡಿದೆ.

ಕಳೆದ ತಿಂಗಳು ಅದನ್ನೆಲ್ಲ ಕಂಪ್ಯೂಟರ್‌ಗೆ ಹಾಕೋಣ ಎಂದು ಕೂತೆ. ಜಾಲಿಮರವನ್ನು ಅಕೇಶಿಯಾ ನಿಲೋಟಿಕಾ ಎಂದು ಬರೆದಿದ್ದೆ. ಈಗ ಅದು ವಾಚೆಲಿಯಾ ನಿಲೋಟಿಕಾ. ನೆಲಗಪ್ಪೆ ಬುಫೋ ಮೆಲನೋಸ್ಟಿಕ್ಟಸ್ ಆಗಿತ್ತು. ಈಗ ದತ್ತಾಫ್ರೈನಸ್ ಮೆಲನೋಸ್ಟಿಕ್ಟಸ್. ಪುಟ ತಿರುವಿದಂತೆಲ್ಲ ಇದೇ ಕತೆ. ಇತ್ತ ಜನರ ಬಾಯಲ್ಲಿ ಜಾಲಿ ಜಾಲಿಯಾಗಿಯೇ ಇದೆ, ನೆಲಗಪ್ಪೆ ನೆಲಗಪ್ಪೆಯಾಗಿಯೇ ಇದೆ.

ಹಾಗಾದರೆ ಯಾವುದು ಗಟ್ಟಿ ಹೆಸರು? ಬದಲಾಗಬಾರದು ಎಂದು ಮಾಡಿದ ವ್ಯವಸ್ಥೆಯೇ ಬದಲಾಗುತ್ತಾ ಹೋದರೆ ಅದರಿಂದ ಉಪಯೋಗವೇನು? ತಿಳಿದವರು ದಯವಿಟ್ಟು ಹೇಳಿ.

ಕಂಬಳಿಹುಳ:

ನಿಮ್ಮ ಬೇಸರ ಅರ್ಥವಾಗುತ್ತದೆ. ನಾನೂ ಚಿಟ್ಟೆ, ಪತಂಗಗಳ ಪಟ್ಟಿ ಇಟ್ಟುಕೊಂಡವನೇ. ಆದರೆ ಜನರ ಬಾಯಲ್ಲಿರುವ ಹೆಸರು ಮತ್ತು ವೈಜ್ಞಾನಿಕ ಹೆಸರು ಎರಡೂ ಒಂದೇ ಕೆಲಸ ಮಾಡುವುದಿಲ್ಲ.

ನಮ್ಮ ಭಾಷೆಯಲ್ಲೇ ನೋಡಿ. ಕಾಡುಹಂದಿ, ಮುಳ್ಳುಹಂದಿ, ಚಿಪ್ಪುಹಂದಿ. ಮೂರರಲ್ಲೂ ಹಂದಿ ಇದೆ. ನಿಜವಾದ ಹಂದಿ ಒಂದೇ, ಕಾಡುಹಂದಿ. ಮುಳ್ಳುಹಂದಿ ಇಲಿ, ಅಳಿಲುಗಳ ಬಳಗದ್ದು. ಚಿಪ್ಪುಹಂದಿಗೆ ಬದುಕಿರುವ ಪ್ರಾಣಿಗಳಲ್ಲಿ ಎಲ್ಲರಿಗಿಂತ ಹತ್ತಿರದ ನೆಂಟರು ಬೆಕ್ಕು, ನಾಯಿ, ಕರಡಿಗಳಿರುವ ಗಣ. ಇನ್ನು ಕಾಡುಹಂದಿಯ ದೊಡ್ಡ ಬಳಗದಲ್ಲಿ ಯಾರಿದ್ದಾರೆ ಗೊತ್ತಾ? ಜಿಂಕೆ, ನೀರಾನೆ, ತಿಮಿಂಗಿಲ! ಮೂರು 'ಹಂದಿ'ಗಳೂ ಮೂರು ದಿಕ್ಕಿನವು.

'ಹುಳು' ಎಂಬ ಪದ ಇನ್ನೂ ಉದಾರ. ಎರೆಹುಳು, ರೇಷ್ಮೆಹುಳು, ಮಿಂಚುಹುಳು, ಜಂತುಹುಳು. ರೇಷ್ಮೆಹುಳು ಪತಂಗದ ಮರಿ. ಮಿಂಚುಹುಳು ಒಂದು ದುಂಬಿ, ಅಂದರೆ ಇಂಗ್ಲಿಷಿನ ಬೀಟಲ್. ಎರೆಹುಳು, ಜಂತುಹುಳು ಕೀಟಗಳೇ ಅಲ್ಲ, ಅವೆರಡೂ ಒಂದಕ್ಕೊಂದು ಹತ್ತಿರದವೂ ಅಲ್ಲ.

ಇದರ ಉಲ್ಟಾ ಕೂಡ ಇದೆ. ಆಲ, ಅರಳಿ, ಅತ್ತಿ. ಹೆಸರು ಕೇಳಿದರೆ ಒಂದಕ್ಕೊಂದು ಸಂಬಂಧವಿದೆ ಎಂದು ಹೇಳಲಾಗುವುದಿಲ್ಲ. ಆದರೆ ಮೂರೂ ಫೈಕಸ್, ಅಣ್ಣತಮ್ಮಂದಿರು. ಫೈಕಸ್ ಬೆಂಗಾಲೆನ್ಸಿಸ್, ಫೈಕಸ್ ರಿಲಿಜಿಯೋಸಾ, ಫೈಕಸ್ ರೇಸಿಮೋಸಾ.

ಜನರ ಹೆಸರು ತಪ್ಪು ಎಂದು ನಾನು ಹೇಳುತ್ತಿಲ್ಲ. ಮುಳ್ಳು ಕಂಡು, ಚಿಪ್ಪು ಕಂಡು ಇಟ್ಟ ಹೆಸರು ಅವು. ನೋಡಿದ ತಕ್ಷಣ ಗುರುತು ಹಿಡಿಯಲು ಅದಕ್ಕಿಂತ ಚೆಂದದ ಹೆಸರು ಬೇಕಿಲ್ಲ. ವೈಜ್ಞಾನಿಕ ಹೆಸರು ಇನ್ನೊಂದು ಭಾರವನ್ನೂ ಹೊತ್ತಿದೆ. ಯಾರು ಯಾರಿಗೆ ನೆಂಟ ಎಂಬುದನ್ನೂ ಅದು ಹೇಳಬೇಕು. ಆ ನೆಂಟಸ್ತಿಕೆಯ ಬಗ್ಗೆ ನಮ್ಮ ತಿಳಿವಳಿಕೆ ಬದಲಾದಾಗ ಹೆಸರೂ ಅಲುಗಾಡುತ್ತದೆ.

ಹಾಳೆಮೇಲಿನಎಲೆ:

ಒಣಗಿಸಿದ ಗಿಡಗಳ ಸಂಗ್ರಹದಲ್ಲಿ, ಅಂದರೆ ಹರ್ಬೇರಿಯಂನಲ್ಲಿ, ಬಹಳ ವರ್ಷ ಕೆಲಸ ಮಾಡಿದ್ದೇನೆ. ಜಾಲಿಯ ಕತೆ ನನಗೆ ಚೆನ್ನಾಗಿ ಗೊತ್ತು. ಸ್ವಲ್ಪ ಉದ್ದವಾಗುತ್ತದೆ, ಓದಿ.

ಮೊದಲು ಒಂದು ವಿಷಯ. ಹೆಸರಿಡುವುದು ಬೇರೆ, ವರ್ಗೀಕರಿಸುವುದು ಬೇರೆ. ಹೆಸರಿಡುವುದಕ್ಕೆ ಕಾನೂನು ಇದೆ. ವರ್ಗೀಕರಿಸುವುದಕ್ಕೆ ಕಾನೂನು ಇಲ್ಲ, ಪುರಾವೆ ಮಾತ್ರ ಇದೆ. ಎರಡೂ ಒಂದೇ ಹೆಸರಿನೊಳಗೆ ಕೂತಿವೆ, ಅದಕ್ಕೇ ಈ ಗೊಂದಲ.

ಸ್ವೀಡನ್ನಿನ ಕಾರ್ಲ್ ಲಿನಿಯಸ್ ಹೆಸರು ಎಲ್ಲರೂ ಕೇಳಿದ್ದೀರಿ. ಅವರ ಕಾಲಕ್ಕೆ ಮುಂಚೆ ಒಂದು ಗಿಡದ ಹೆಸರು ಎಂದರೆ ಒಂದು ಉದ್ದನೆಯ ವಿವರಣೆ. 'ಒಂದೇ ವರ್ಷ ಬಾಳುವ, ತುಂಬಾ ಕವಲೊಡೆಯುವ, ಏಣುಳ್ಳ ನುಣುಪು ಕೊಂಬೆಗಳ, ಹಲ್ಲಿನಂಥ ಅಂಚಿನ ಎಲೆಗಳ ಫೈಸಾಲಿಸ್'. ಇಷ್ಟುದ್ದ ಒಂದೇ ಗಿಡದ ಹೆಸರು! ಲಿನಿಯಸ್ ಅದನ್ನು ಫೈಸಾಲಿಸ್ ಅಂಗುಲಾಟಾ ಎಂದು ಎರಡು ಪದಕ್ಕೆ ಇಳಿಸಿದರು. 1753ರಲ್ಲಿ ಅವರು ಗೊತ್ತಿದ್ದ ಎಲ್ಲ ಗಿಡಗಳಿಗೂ ಹೀಗೆ ಎರಡು ಪದದ ಹೆಸರು ಕೊಟ್ಟು ಪ್ರಕಟಿಸಿದರು. 1758ರಲ್ಲಿ ಪ್ರಾಣಿಗಳಿಗೂ ಕೊಟ್ಟರು. ಇವತ್ತಿಗೂ ಗಿಡಗಳ ಹೆಸರಿನ ಲೆಕ್ಕ 1753ರಿಂದ, ಪ್ರಾಣಿಗಳ ಲೆಕ್ಕ 1758ರಿಂದ ಶುರು.

ಆ ಎರಡು ಪದಗಳಲ್ಲಿ ಎರಡನೆಯದು ಪ್ರಭೇದದ ಗುರುತು. ಅದು ಅಂಟಿಕೊಂಡಿರುತ್ತದೆ. ಮೊದಲನೆಯದು ಬಳಗದ ಹೆಸರು. ಬಳಗ ಬದಲಾದರೆ ಅದು ಬದಲಾಗುತ್ತದೆ. ನಿಮ್ಮ ನೋಟ್‌ಬುಕ್ ಇನ್ನೊಮ್ಮೆ ನೋಡಿ. ನಿಲೋಟಿಕಾ ನಿಲೋಟಿಕಾ ಆಗಿಯೇ ಇದೆ. ಮೆಲನೋಸ್ಟಿಕ್ಟಸ್ ಕೂಡ ಹಾಗೇ ಇದೆ. ಜಾಲಿಗೆ ನೈಲ್ ನದಿಯ ಹೆಸರಿಟ್ಟು 1753ರಲ್ಲಿ ಲಿನಿಯಸ್ ಬರೆದದ್ದು ಮಿಮೋಸಾ ನಿಲೋಟಿಕಾ ಎಂದು! ಅಂದರೆ ನಿಮಗೆ ಕಲಿಸಿದವರಿಗೆ ಗೊತ್ತಿದ್ದ ಅಕೇಶಿಯಾವೇ ಮೊದಲ ಹೆಸರಲ್ಲ. ಮಿಮೋಸಾ, ಅಕೇಶಿಯಾ, ವಾಚೆಲಿಯಾ ಎಂದು ಮನೆ ಮೂರು ಬದಲಾಯಿತು. ನಿಲೋಟಿಕಾ ಸುಮಾರು 270 ವರ್ಷದಿಂದ ಅಲ್ಲೇ ಇದೆ.

ಇನ್ನು ಅಕೇಶಿಯಾ ಯಾಕೆ ಹೋಯಿತು? ಒಂದು ಕಾಲದಲ್ಲಿ ಆ ಹೆಸರಿನಡಿ 1300ಕ್ಕೂ ಹೆಚ್ಚು ಪ್ರಭೇದಗಳಿದ್ದವು. ಡಿಎನ್‌ಎ ನೋಡಿದಾಗ ಅದು ಒಂದು ಬಳಗವೇ ಅಲ್ಲ, ಹಲವು ಬಳಗಗಳನ್ನು ಒಂದೇ ಚೀಲಕ್ಕೆ ತುಂಬಿದ್ದಾರೆ ಎಂದು ಗೊತ್ತಾಯಿತು. ಒಡೆಯಲೇಬೇಕಾಯಿತು. ಒಡೆದಾಗ ಹಳೆಯ ಹೆಸರು ಯಾವ ತುಂಡಿಗೆ?

ನಿಯಮ ಇದಕ್ಕೆ ಉತ್ತರ ಹೇಳುತ್ತದೆ. ಪ್ರತಿ ಹೆಸರಿಗೂ ಒಂದು 'ಟೈಪ್' ಇರುತ್ತದೆ. ಪ್ರಭೇದದ ಹೆಸರಿಗಾದರೆ ಸಾಮಾನ್ಯವಾಗಿ ಸಂಗ್ರಹದಲ್ಲಿಟ್ಟ ಒಂದು ಮಾದರಿ. ಬಳಗದ ಹೆಸರಿಗಾದರೆ ಒಂದು ಪ್ರಭೇದ. ಹಸುವನ್ನು ಗೂಟಕ್ಕೆ ಕಟ್ಟಿದ ಹಾಗೆ ಹೆಸರನ್ನು ಆ ಟೈಪ್‌ಗೆ ಕಟ್ಟಿರುತ್ತಾರೆ. ಬಳಗ ಒಡೆದರೆ ಟೈಪ್ ಇರುವ ಕಡೆಗೆ ಹೆಸರು ಹೋಗಬೇಕು. ಅಕೇಶಿಯಾದ ಟೈಪ್ ಯಾವುದು ಗೊತ್ತೇ? ನಮ್ಮ ಈ ಜಾಲಿಯೇ! ನಿಯಮದ ಪ್ರಕಾರ ಅಕೇಶಿಯಾ ಎಂಬ ಹೆಸರು ಜಾಲಿಗೇ ಉಳಿಯಬೇಕಿತ್ತು.

ಆದರೆ ಆಸ್ಟ್ರೇಲಿಯಾದಲ್ಲಿ ಸುಮಾರು ಒಂದು ಸಾವಿರ ಪ್ರಭೇದಗಳಿದ್ದವು. ಹೆಸರು ಜಾಲಿಗೆ ಹೋದರೆ ಅಷ್ಟೂ ಗಿಡಗಳ ಹೆಸರು ಬದಲಾಗಬೇಕು. ಆದ್ದರಿಂದ ಅಕೇಶಿಯಾದ ಟೈಪ್ ಆಗಿ ಆಸ್ಟ್ರೇಲಿಯಾದ ಒಂದು ಗಿಡವನ್ನು ಇಡೋಣ ಎಂಬ ಪ್ರಸ್ತಾಪ ಬಂತು. 2005ರಲ್ಲಿ ವಿಯೆನ್ನಾದ ಅಂತರರಾಷ್ಟ್ರೀಯ ಸಸ್ಯವಿಜ್ಞಾನ ಸಮ್ಮೇಳನದಲ್ಲಿ ಅದು ಪಾಸಾಯಿತು. ದೊಡ್ಡ ಜಗಳವೇ ನಡೆಯಿತು. ಆಫ್ರಿಕಾದಲ್ಲಿ ಆ ಮರಗಳೊಂದಿಗೆ ಬೆಳೆದವರಿಗೆ ನೋವಾಯಿತು, ಅದು ಸಹಜ. 2011ರಲ್ಲಿ ಮೆಲ್ಬರ್ನ್ ಸಮ್ಮೇಳನ ಅದನ್ನೇ ಎತ್ತಿಹಿಡಿಯಿತು. ವಾಚೆಲಿಯಾ ಕೂಡ ಹೊಸದಾಗಿ ಹುಟ್ಟಿಸಿದ ಹೆಸರಲ್ಲ. 1834ರಲ್ಲೇ ವೈಟ್ ಮತ್ತು ಆರ್ನಾಟ್ ಇಟ್ಟಿದ್ದ ಹೆಸರು, ಮೂಲೆಯಲ್ಲಿತ್ತು, ಎತ್ತಿಕೊಂಡರು.

ನನ್ನ ಅಭಿಪ್ರಾಯ ಕೇಳಿದರೆ, ಒಡೆದದ್ದು ಸರಿ. ಹೆಸರನ್ನು ಆ ಕಡೆ ಕೊಟ್ಟದ್ದು ಅನುಕೂಲಕ್ಕೆ. ಮೊದಲನೆಯದು ವಿಜ್ಞಾನ, ಎರಡನೆಯದು ಪಂಚಾಯ್ತಿ.

ಹಳೆನೋಟ್‌ಬುಕ್:

ಜಾಲಿಯೇ ಅಕೇಶಿಯಾದ ಗೂಟವಾಗಿತ್ತು ಎಂದು ಓದಿ ಎರಡು ನಿಮಿಷ ಸುಮ್ನೆ ಕೂತುಬಿಟ್ಟೆ. ತುಂಬಾ ಧನ್ಯವಾದ ಮೇಡಂ. ಎರಡನೇ ಪದ ಉಳಿಯುತ್ತದೆ ಎಂಬುದನ್ನು ನಾನು ಗಮನಿಸಿಯೇ ಇರಲಿಲ್ಲ.

ಹಾಗಾದರೆ ಕಪ್ಪೆಯದ್ದೂ ಇದೇ ಕತೆಯಾ?

ಕಂಬಳಿಹುಳ:

ಹೆಚ್ಚುಕಡಿಮೆ ಅದೇ. 1799ರಲ್ಲಿ ಷ್ನೈಡರ್ ಎಂಬವರು ಬುಫೋ ಮೆಲನೋಸ್ಟಿಕ್ಟಸ್ ಎಂದು ಹೆಸರಿಟ್ಟರು, ಕಪ್ಪು ಚುಕ್ಕೆಯ ನೆಲಗಪ್ಪೆ ಎಂದು ಅರ್ಥ. ಆಮೇಲೆ ಜಗತ್ತಿನ ಹಲವು ಖಂಡಗಳ ನೆಲಗಪ್ಪೆಗಳೆಲ್ಲ ಬುಫೋ ಒಳಗೆ ತುಂಬಿಕೊಂಡವು. 2006ರಲ್ಲಿ ಕಪ್ಪೆಗಳ ದೊಡ್ಡ ಅಧ್ಯಯನವೊಂದು ಅದನ್ನು ಬಿಡಿಸಿ ಹಂಚಿತು. ಬುಫೋ ಹೆಸರು ಯುರೋಪಿನ ಗುಂಪಿಗೆ ಉಳಿಯಿತು, ಅದರ ಟೈಪ್ ಅಲ್ಲಿನದು. ನಮ್ಮ ಕಪ್ಪೆಯ ಗುಂಪಿಗೆ ಕಪ್ಪೆ ವಿಜ್ಞಾನಿ ಎಸ್. ಕೆ. ದತ್ತ ಅವರ ಹೆಸರಿಟ್ಟರು. ಫ್ರೈನಸ್ ಎಂದರೆ ಗ್ರೀಕ್‌ನಲ್ಲಿ ನೆಲಗಪ್ಪೆ.

ಕೊನೆಬೆಂಚು:

ನಾನು ಪಿಯುಸಿ ವಿದ್ಯಾರ್ಥಿ. ಒಂದು ಸಣ್ಣ ಪ್ರಶ್ನೆ. ಸಾಮ್ರಾಜ್ಯ, ವಂಶ, ವರ್ಗ, ಗಣ, ಕುಟುಂಬ, ಜಾತಿ, ಪ್ರಭೇದ ಎಂದು ಕಲಿತಿದ್ದೇನೆ. ಇನ್ನೊಂದು ಪುಸ್ತಕದಲ್ಲಿ ಜಾತಿಯ ಬದಲು ಕುಲ ಎಂದಿದೆ. ಯಾವುದು ಸರಿ? ಮತ್ತೆ ಒಂದು ಪ್ರಾಣಿ 'ಕುಟುಂಬ'ದ ಮಟ್ಟದ್ದೋ 'ಗಣ'ದ ಮಟ್ಟದ್ದೋ ಎಂದು ಹೇಗೆ ಅಳೆಯುತ್ತಾರೆ?

ಹಾಳೆಮೇಲಿನಎಲೆ:

ಎರಡೂ ಬಳಕೆಯಲ್ಲಿವೆ ಮಗು. ಇಂಗ್ಲಿಷಿನ ಜೀನಸ್‌ಗೆ ಕೆಲವರು ಜಾತಿ ಎನ್ನುತ್ತಾರೆ, ಕೆಲವರು ಕುಲ ಎನ್ನುತ್ತಾರೆ. ನನಗೆ ಕುಲ ಇಷ್ಟ, ಯಾಕೆಂದರೆ ಮಾತಿನಲ್ಲಿ ನಾವು 'ಯಾವ ಜಾತಿಯ ಹಕ್ಕಿ' ಎಂದು ಕೇಳುವಾಗ ಪ್ರಭೇದವನ್ನೇ ಕೇಳುತ್ತಿರುತ್ತೇವೆ, ಅಲ್ವಾ? ಪರೀಕ್ಷೆಯಲ್ಲಿ ಮಾತ್ರ ನಿಮ್ಮ ಪಠ್ಯದಲ್ಲಿ ಇರುವುದನ್ನೇ ಬರೆ.

ಎರಡನೇ ಪ್ರಶ್ನೆ ಬಹಳ ಒಳ್ಳೆಯದು. ಅಳೆಯುವ ಕೋಲು ಇಲ್ಲ! ಕುಟುಂಬ, ಗಣ ಎಲ್ಲ ನಮ್ಮ ಅನುಕೂಲಕ್ಕೆ ಮಾಡಿಕೊಂಡ ಮೆಟ್ಟಿಲು. ದುಂಬಿಗಳದ್ದು ಒಂದು ಗಣ, ಅದರಲ್ಲಿ ಹೆಸರಿಟ್ಟ ಪ್ರಭೇದಗಳೇ ಸುಮಾರು 4 ಲಕ್ಷ. ನ್ಯೂಜಿಲೆಂಡಿನ ಟುವಾಟಾರಾ ಎಂಬ ಸರೀಸೃಪದ್ದೂ ಒಂದು ಗಣ. ಅದರಲ್ಲಿ ಈಗ ಬದುಕಿರುವುದು ಒಂದೇ ಪ್ರಭೇದ. ಎರಡೂ ಗಣವೇ. ಆದ್ದರಿಂದ ಒಂದು ಗಣವನ್ನು ಇನ್ನೊಂದು ಗಣದ ಜೊತೆ ತೂಗಿ ನೋಡುವುದರಲ್ಲಿ ಅರ್ಥವಿಲ್ಲ. ಪ್ರಾಣಿಯ ಕುಟುಂಬದ ಹೆಸರು ಇಡೇ ಎಂದು ಮುಗಿಯುತ್ತದೆ, ಫೆಲಿಡೇ ಹಾಗೆ. ಗಿಡದ್ದು ಏಸೀ ಎಂದು ಮುಗಿಯುತ್ತದೆ, ರೋಸೇಸೀ ಹಾಗೆ. ಕೊನೆಯ ಅಕ್ಷರ ನೋಡಿಯೇ ಮೆಟ್ಟಿಲು ಗೊತ್ತಾಗುತ್ತದೆ.

ಕೊನೆಬೆಂಚು:

ಥ್ಯಾಂಕ್ಸ್ ಮೇಡಂ! ಹಾಗಾದರೆ ಹಕ್ಕಿಗಳು ಸರೀಸೃಪ ಎನ್ನುತ್ತಾರಲ್ಲ, ಅದು ನಿಜವಾ? ನಮಗೆ ಎರಡು ಬೇರೆ ಬೇರೆ ವರ್ಗ ಎಂದು ಕಲಿಸಿದ್ದಾರೆ.

ಗರಿಗೂಡು:

ಹಕ್ಕಿಗಳ ಪ್ರಶ್ನೆ ಬಂತು, ನಾನು ಉತ್ತರಿಸುತ್ತೇನೆ.

ಮೊಸಳೆಗೆ ಹತ್ತಿರದ ನೆಂಟ ಯಾರು? ನೋಡಲು ಹಲ್ಲಿ, ಉಡ ಎನ್ನಿಸುತ್ತದೆ. ನಿಜಕ್ಕೂ ಹಲ್ಲಿಗಿಂತ ಕಾಗೆ ಮೊಸಳೆಗೆ ಹತ್ತಿರ! ಹಕ್ಕಿಗಳು ಡೈನೋಸಾರ್‌ಗಳ ಒಂದು ಕವಲು. ಮೊಸಳೆ ಮತ್ತು ಡೈನೋಸಾರ್ ಎರಡಕ್ಕೂ ಹಿಂದೆ ಒಬ್ಬ ಪೂರ್ವಜ ಇದ್ದ. ಹಲ್ಲಿಗಳ ಕವಲು ಅದಕ್ಕೂ ಮುಂಚೆಯೇ ಬೇರೆಯಾಗಿತ್ತು.

1950ರಲ್ಲಿ ಜರ್ಮನಿಯ ವಿಲ್ಲಿ ಹೆನ್ನಿಗ್ ಎಂಬ ನೊಣಗಳ ವಿಜ್ಞಾನಿ ಒಂದು ನೇರವಾದ ಮಾತು ಹೇಳಿದರು. ಒಂದು ಗುಂಪು ಎಂದರೆ ಒಬ್ಬ ಅಜ್ಜಿಯ ಎಲ್ಲ ಮೊಮ್ಮಕ್ಕಳೂ ಅದರಲ್ಲಿರಬೇಕು. ಅಜ್ಜಿ ಎಂಬ ಮಾತು ನನ್ನದು, ವಿಚಾರ ಅವರದು. ಕೆಲವು ಮೊಮ್ಮಕ್ಕಳನ್ನು ಇಟ್ಟುಕೊಂಡು, ರೆಕ್ಕೆ ಬಂತು ಎಂದು ಒಬ್ಬನನ್ನು ಹೊರಗೆ ಹಾಕಿದರೆ ಅದು ಬಳಗವಲ್ಲ. ಮೊಸಳೆ, ಹಲ್ಲಿ, ಹಾವು, ಆಮೆ ಇಟ್ಟುಕೊಂಡು ಹಕ್ಕಿಯನ್ನು ಬಿಟ್ಟ 'ಸರೀಸೃಪ' ಹಾಗಾಯಿತು. ಹಕ್ಕಿಯೂ ಒಳಗೆ ಬಂದರೆ ಸರಿಹೋಗುತ್ತದೆ.

ಮೀನಿನ ವಿಷಯ ಇನ್ನೂ ಜಾಸ್ತಿ. ಶ್ವಾಸಕೋಶವಿರುವ ಲಂಗ್‌ಫಿಶ್ ಎಂಬ ಮೀನು ಸಾಲ್ಮನ್ ಮೀನಿಗಿಂತ ನಮಗೆ ಹತ್ತಿರದ ನೆಂಟ. ಅಂದರೆ ನಮ್ಮನ್ನು ಬಿಟ್ಟು 'ಮೀನು' ಎಂಬ ಗುಂಪೇ ಮಾಡಲಾಗುವುದಿಲ್ಲ. ಮಾತಿನಲ್ಲಿ ಮೀನು ಎನ್ನಲು ಯಾವ ಅಡ್ಡಿಯೂ ಇಲ್ಲ. ಬಳಗದ ಹೆಸರಾಗಿ ಮಾತ್ರ ಅದು ನಿಲ್ಲುವುದಿಲ್ಲ.

ಸಂಶಯಪಿಶಾಚಿ:

ಎಲ್ಲ ಓದಿದೆ. ನನ್ನದು ಖಡಕ್ ಪ್ರಶ್ನೆ. ಒಂದನ್ನು ಎರಡು ಮಾಡಿದರೆ, ಎರಡನ್ನು ಒಂದು ಮಾಡಿದರೆ ವಿಜ್ಞಾನಿಗೆ ಒಂದು ಪೇಪರ್ ಸಿಗುತ್ತದೆ. ಈ ಒಡೆದಾಟ ಎಷ್ಟರಮಟ್ಟಿಗೆ ನಿಜವಾದ ವಿಜ್ಞಾನ? ಜಿರಾಫೆ ಒಂದೇ ಪ್ರಭೇದವೋ ನಾಲ್ಕೋ ಎಂಬುದು ಯಾರಿಗೆ ಬೇಕು?

ಕಂಬಳಿಹುಳ:

ಕೇಳಬೇಕಾದ ಪ್ರಶ್ನೆಯೇ. ಒಡೆಯುವವರು, ಕೂಡಿಸುವವರು ಎಂಬ ಎರಡು ಸ್ವಭಾವ ಈ ಕ್ಷೇತ್ರದಲ್ಲಿ ಹಿಂದಿನಿಂದಲೂ ಇದೆ. ಅವಸರದಲ್ಲಿ ಒಡೆದದ್ದೂ ಇದೆ. ಪ್ರಭೇದ ಎಂದರೇನು ಎಂಬುದಕ್ಕೇ ಒಂದು ಉತ್ತರವಿಲ್ಲ. ಜೀವವಿಜ್ಞಾನಿ ಎರ್ನ್‌ಸ್ಟ್ ಮೇಯರ್ 1942ರಲ್ಲಿ ಕೊಟ್ಟ ವ್ಯಾಖ್ಯೆ ಎಲ್ಲರಿಗೂ ಗೊತ್ತಿದೆ: ತಮ್ಮತಮ್ಮಲ್ಲಿ ಕೂಡಿ ಸಂತಾನ ಮುಂದುವರಿಸುವ, ಹೊರಗಿನವರ ಜೊತೆ ಹಾಗೆ ಬೆರೆಯದ ಗುಂಪು. ಕುದುರೆ, ಕತ್ತೆಗೆ ಅದು ಸರಿ. ಅವುಗಳ ಮರಿ ಹೇಸರಗತ್ತೆಗೆ ಸಾಮಾನ್ಯವಾಗಿ ಮರಿಯಾಗುವುದಿಲ್ಲ. ಆದರೆ ಕೂಡದೇ ಹೆಚ್ಚುವ ಜೀವಿಗಳಿಗೆ ಏನು ಮಾಡುವುದು? ಪಳೆಯುಳಿಕೆಗಳಿಗೆ? ಎರಡು ದ್ವೀಪಗಳಲ್ಲಿ ಬೇರೆಬೇರೆಯಾಗಿ ಇರುವ ಹಕ್ಕಿಗಳಿಗೆ? ಅಲ್ಲಿ ಬೇರೆ ಅಳತೆಗಳು ಬೇಕು. ಅದಕ್ಕೇ ವಾದ.

ಆದರೆ 'ಯಾರಿಗೆ ಬೇಕು' ಎಂಬುದಕ್ಕೆ ನನ್ನ ಬಳಿ ಉತ್ತರ ಇದೆ. ಸೊಳ್ಳೆ.

ಯುರೋಪಿನಲ್ಲಿ ಮಲೇರಿಯಾ ಇದ್ದ ಕಾಲ. ಅನಾಫಿಲಿಸ್ ಮ್ಯಾಕ್ಯುಲಿಪೆನ್ನಿಸ್ ಎಂಬ ಸೊಳ್ಳೆ ಅದನ್ನು ಹರಡುತ್ತದೆ ಎಂದು ಗೊತ್ತಿತ್ತು. ಆದರೆ ಕೆಲವು ಪ್ರದೇಶಗಳಲ್ಲಿ ಸೊಳ್ಳೆ ತುಂಬಿತ್ತು, ಮಲೇರಿಯಾ ಇರಲಿಲ್ಲ. ಯಾಕೆ ಎಂದು ಯಾರಿಗೂ ಹೊಳೆಯಲಿಲ್ಲ. 1926ರಲ್ಲಿ ಇಟಲಿಯ ದೊಮೆನಿಕೊ ಫಲೆರೋನಿ ಸೊಳ್ಳೆಯ ಬದಲು ಅದರ ಮೊಟ್ಟೆ ನೋಡಿದರು. ಮೊಟ್ಟೆಯ ಮೇಲಿನ ಗುರುತುಗಳು ಬೇರೆಬೇರೆ ಇದ್ದವು! ಒಂದು ಎಂದುಕೊಂಡಿದ್ದ ಸೊಳ್ಳೆ ಹಲವು ಪ್ರಭೇದಗಳ ಗುಂಪಾಗಿತ್ತು. ಕೆಲವು ಮನುಷ್ಯರನ್ನು ಕಚ್ಚುತ್ತಿದ್ದವು, ಕೆಲವು ಹೆಚ್ಚಾಗಿ ದನಗಳನ್ನು ಕಚ್ಚುತ್ತಿದ್ದವು. ಯಾವ ಸೊಳ್ಳೆಯ ಹಿಂದೆ ಓಡಬೇಕು ಎಂಬುದು ಆಗ ಗೊತ್ತಾಯಿತು. ಆಫ್ರಿಕಾದ ಅನಾಫಿಲಿಸ್ ಗ್ಯಾಂಬಿಯೇ ಕೂಡ ಹೀಗೆಯೇ ಕಣ್ಣಿಗೆ ಒಂದೇ ಥರ ಕಾಣುವ ಹಲವು ಪ್ರಭೇದಗಳ ಗುಂಪು.

ಇನ್ನೊಂದು, ಆನೆ. ಆಫ್ರಿಕಾದ ಆನೆ ಒಂದೇ ಎಂದು ಲೆಕ್ಕ ಹಾಕುವಾಗ ಅದನ್ನು ಅಪಾಯಕ್ಕೆ ಒಳಗಾಗಬಹುದಾದ ಪ್ರಾಣಿ ಎಂದಷ್ಟೇ ಕೆಂಪು ಪಟ್ಟಿಯಲ್ಲಿ, ಅಂದರೆ ಅಳಿವಿನ ಅಪಾಯದ ಪಟ್ಟಿಯಲ್ಲಿ, ಬರೆದಿದ್ದರು. 2021ರಲ್ಲಿ ಹುಲ್ಲುಗಾವಲಿನ ಆನೆ, ಕಾಡಿನ ಆನೆ ಎಂದು ಬೇರೆಯಾಗಿ ಲೆಕ್ಕ ಹಾಕಿದರು. ಹುಲ್ಲುಗಾವಲಿನದ್ದು ಅಳಿವಿನಂಚಿನಲ್ಲಿದೆ, ಕಾಡಿನದ್ದು ಅದಕ್ಕಿಂತ ಕೆಟ್ಟ ಸ್ಥಿತಿಯಲ್ಲಿದೆ ಎಂದು ತಿಳಿಯಿತು. ಒಟ್ಟಿಗೆ ಎಣಿಸುತ್ತಾ ಹೋಗಿದ್ದರೆ ಒಂದು ಪ್ರಭೇದ ನಮ್ಮ ಕಣ್ಣೆದುರೇ ಕರಗುತ್ತಿತ್ತು.

ಸಂಶಯಪಿಶಾಚಿ:

ಸೊಳ್ಳೆಯ ಕತೆ ಗೊತ್ತಿರಲಿಲ್ಲ. ಒಪ್ಪಿದೆ. ಜಿರಾಫೆಯ ಬಗ್ಗೆ ನನ್ನ ಸಂಶಯ ಇನ್ನೂ ಇದೆ, ಆದರೆ ಕೇಳಿದ ರೀತಿ ಸರಿಯಿರಲಿಲ್ಲ.

ಮಳೆಬಿಲ್ಲು:

ನನಗೆ ಬೇರೆಯದೇ ಒಂದು ವಿಷಯ ಚುಚ್ಚುತ್ತದೆ. ಹೊಸ ಪ್ರಾಣಿ ಸಿಕ್ಕಿದರೆ ಅದನ್ನು ಕೊಂದು ಮ್ಯೂಸಿಯಂನಲ್ಲಿ ಇಡಬೇಕಂತೆ. ಫೋಟೋ, ಡಿಎನ್‌ಎ ಸಾಲದೇ? ಅಪರೂಪದ ಜೀವಿಗೆ ಹೆಸರಿಡಲು ಅದನ್ನೇ ಕೊಲ್ಲುವುದು ಯಾವ ನ್ಯಾಯ?

ಗರಿಗೂಡು:

ಇದು ನನ್ನನ್ನೂ ಕಾಡಿದ ಪ್ರಶ್ನೆ. ಎರಡು ನಿಜ ಘಟನೆ ಹೇಳುತ್ತೇನೆ.

1988ರಲ್ಲಿ ಸೊಮಾಲಿಯಾದಲ್ಲಿ ಒಂದು ಹಕ್ಕಿ ಕಂಡಿತು. ಅಂಥದ್ದನ್ನು ಮುಂಚೆ ಯಾರೂ ಕಂಡಿರಲಿಲ್ಲ. ಇದ್ದದ್ದು ಒಂದೇ. ವಿಜ್ಞಾನಿಗಳು ಕೊಲ್ಲಲಿಲ್ಲ. ಗರಿ, ರಕ್ತ ತೆಗೆದುಕೊಂಡು ಡಿಎನ್‌ಎ ನೋಡಿ, ಹಕ್ಕಿಯನ್ನು ಬಿಟ್ಟುಬಿಟ್ಟರು. 1991ರಲ್ಲಿ ಅದಕ್ಕೆ ಲೇನಿಯೇರಿಯಸ್ ಲಿಬರೇಟಸ್ ಎಂದು ಹೆಸರಿಟ್ಟರು. ಲಿಬರೇಟಸ್ ಎಂದರೆ ಬಿಡುಗಡೆಯಾದದ್ದು. ಎಷ್ಟು ಒಳ್ಳೆಯ ಹೆಸರು! ಆದರೆ 2008ರಲ್ಲಿ ಮತ್ತೆ ಪರೀಕ್ಷಿಸಿದಾಗ ಅದು ಹೊಸ ಪ್ರಭೇದವಲ್ಲ, ಆ ಕಡೆಯ ಇನ್ನೊಂದು ಪ್ರಭೇದದಲ್ಲೇ ಬಣ್ಣ ಬೇರೆಯಾಗಿದ್ದ ಹಕ್ಕಿ ಎಂದು ಗೊತ್ತಾಯಿತು. ಹೆಸರು ಬಿದ್ದುಹೋಯಿತು. ಆದರೂ ಅದನ್ನು ಬಿಟ್ಟದ್ದು ತಪ್ಪು ಎಂದು ನನಗೆ ಅನಿಸುವುದಿಲ್ಲ.

ಇನ್ನೊಂದು ಕತೆ ಎದುರು ದಿಕ್ಕಿನದು. 1948ರಲ್ಲಿ ಆಂಗಸ್ ಹಟನ್ ಎಂಬವರು ದಕ್ಷಿಣ ಭಾರತದ ಬೆಟ್ಟಗಳಲ್ಲಿ ಒಂದು ಬಾವಲಿ ಹಿಡಿದರು. ಅದು ಸಾಮಾನ್ಯ ಬಾವಲಿ ಎಂದು ಗುರುತಿಸಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಂಗ್ರಹದಲ್ಲಿ ಇಟ್ಟರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದು ಅಲ್ಲೇ ಇತ್ತು. ಥಾಯ್ಲೆಂಡಿನ ಕಿಟ್ಟಿ ಥೊಂಗ್‌ಲೊಂಗ್ಯಾ ಅದನ್ನು ಸರಿಯಾಗಿ ನೋಡಿದರು. ಹೊಸ ಪ್ರಭೇದ ಮಾತ್ರವಲ್ಲ, ಹೊಸ ಕುಲ! 1972ರಲ್ಲಿ ಲಾಟಿಡೆನ್ಸ್ ಸಲೀಮಲಿಯೈ ಎಂದು ಹಕ್ಕಿ ವಿಜ್ಞಾನಿ ಸಲೀಂ ಅಲಿಯವರ ಹೆಸರಿನಲ್ಲಿ ಪ್ರಕಟವಾಯಿತು. ಆ ಮಾದರಿ ಕಪಾಟಿನಲ್ಲಿ ಇಲ್ಲದಿದ್ದರೆ? 1948ರ ಒಂದು ಫೋಟೋದಿಂದ ಹಲ್ಲಿನ ಆಕಾರ ಯಾರಿಗೂ ಕಾಣುತ್ತಿರಲಿಲ್ಲ.

ಹಾಗಾಗಿ ನನ್ನ ಮನಸ್ಸು ಎರಡೂ ಕಡೆ ಇದೆ. ಸಂಖ್ಯೆ ಚೆನ್ನಾಗಿರುವ ಕೀಟ, ಮೀನುಗಳಲ್ಲಿ ಮಾದರಿ ಬೇಕೇಬೇಕು. ಕೈಬೆರಳಲ್ಲಿ ಎಣಿಸುವಷ್ಟೇ ಉಳಿದಿರುವ ಜೀವಿಯನ್ನು ಕೊಲ್ಲುವ ಹಕ್ಕು ಯಾವ ಹೆಸರಿಗೂ ಇಲ್ಲ.

ಪೆಟ್ರಿತಟ್ಟೆ:

ನೀವೆಲ್ಲ ಕಣ್ಣಿಗೆ ಕಾಣುವ ಜೀವಿಗಳ ಬಗ್ಗೆಯೇ ಮಾತಾಡುತ್ತಿದ್ದೀರಿ, ನನ್ನ ಬಳಗದ ಬಗ್ಗೆಯೂ ಎರಡು ಮಾತು ಹೇಳುತ್ತೇನೆ. ನಾನು ಬ್ಯಾಕ್ಟೀರಿಯಾಗಳ ಜೊತೆ ಕೆಲಸ ಮಾಡುತ್ತೇನೆ.

ಬ್ಯಾಕ್ಟೀರಿಯಾಕ್ಕೆ ಕೊಂದ ಮಾದರಿ ನಡೆಯುವುದಿಲ್ಲ. ಜೀವಂತ ತಳಿಯೇ ಟೈಪ್ ಆಗಬೇಕು. ಅದನ್ನು ಎರಡು ದೇಶಗಳ ಎರಡು ಸಂಗ್ರಹಾಲಯಗಳಲ್ಲಿ ಇಡಬೇಕು. ಬೇಕಾದವರು ತರಿಸಿಕೊಂಡು ಬೆಳೆಸಿ ನೋಡಬಹುದು. ಆದರೆ ಬಹಳಷ್ಟು ಸೂಕ್ಷ್ಮಜೀವಿಗಳು ಪ್ರಯೋಗಾಲಯದಲ್ಲಿ ಬೆಳೆಯುವುದೇ ಇಲ್ಲ, ಮಣ್ಣಿನಲ್ಲಿ, ಕಡಲಿನಲ್ಲಿ ಅವುಗಳ ಡಿಎನ್‌ಎ ಮಾತ್ರ ಸಿಗುತ್ತದೆ. ಅಂಥವಕ್ಕೆ ಡಿಎನ್‌ಎ ಸರಣಿಯನ್ನೇ ಟೈಪ್ ಎಂದು ಒಪ್ಪುವ ಬೇರೊಂದು ನಿಯಮಾವಳಿ 2022ರಲ್ಲಿ ಬಂದಿದೆ.

ಇನ್ನು ದೊಡ್ಡ ಬದಲಾವಣೆ ನಮ್ಮ ಕಡೆಯಿಂದಲೇ ಬಂದದ್ದು. 1977ರಲ್ಲಿ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ಕೆಲವು 'ಬ್ಯಾಕ್ಟೀರಿಯಾ'ಗಳ ಆರ್‌ಎನ್‌ಎ ಹೋಲಿಸಿದರು. ನೋಡಿದರೆ ಅವು ಬ್ಯಾಕ್ಟೀರಿಯಾಗಳೇ ಅಲ್ಲ! ಸೂಕ್ಷ್ಮದರ್ಶಕದಲ್ಲಿ ಒಂದೇ ಥರ ಕಾಣುತ್ತಿದ್ದರೂ ಒಳಗೆ ಪೂರ್ತಿ ಬೇರೆ. ಇವನ್ನು ಈಗ ಆರ್ಕಿಯಾ ಎನ್ನುತ್ತೇವೆ. 1990ರಲ್ಲಿ ಸಾಮ್ರಾಜ್ಯದ ಮೇಲೂ ಒಂದು ಮೆಟ್ಟಿಲು ಬಂತು: ಬ್ಯಾಕ್ಟೀರಿಯಾ, ಆರ್ಕಿಯಾ, ಯೂಕೇರಿಯಾ. ಆನೆ, ಆಲದಮರ, ಅಣಬೆ ಎಲ್ಲ ಈ ಮೂರನೆಯದರ ಒಂದೊಂದು ಕವಲು. ಅಣಬೆ ಗಿಡಕ್ಕಿಂತ ನಮಗೇ ಹತ್ತಿರ, ಅದೂ ಇಂಥ ಹೋಲಿಕೆಯಿಂದಲೇ ಗೊತ್ತಾದದ್ದು.

ನಾವೂ ಕೆಲವು ಕಡೆ ನೆಂಟಸ್ತಿಕೆ ಬದಿಗಿಟ್ಟು ಹಳೆಯ ಹೆಸರು ಉಳಿಸಿಕೊಂಡಿದ್ದೇವೆ. ಭೇದಿ ತರುವ ಶಿಗೆಲ್ಲಾ ಎಂಬ ಬ್ಯಾಕ್ಟೀರಿಯಾ ಡಿಎನ್‌ಎ ಪ್ರಕಾರ ಇ. ಕೋಲಿ ಎಂಬ ಕರುಳಿನ ಬ್ಯಾಕ್ಟೀರಿಯಾದ ಒಳಗೇ ಬರುತ್ತದೆ. ಆದರೆ ವೈದ್ಯರಿಗೆ ಆ ಹೆಸರು ಬೇರೆಯಾಗಿಯೇ ಇರಬೇಕು. ಲ್ಯಾಬ್ ರಿಪೋರ್ಟ್ ನೋಡುವವರು ಗೊಂದಲವಾದರೆ ರೋಗಿಗೆ ತೊಂದರೆ. ಆದ್ದರಿಂದ ಹೆಸರು ಹಾಗೇ ಬಿಟ್ಟಿದ್ದೇವೆ. ಇದು ಸರಿಯಾದ ನಿರ್ಧಾರ ಎಂದೇ ನನ್ನ ನಂಬಿಕೆ.

ಮಳೆಬಿಲ್ಲು:

ಉತ್ತರಕ್ಕೆ ಥ್ಯಾಂಕ್ಸ್ ಗರಿಗೂಡು ಅವರೇ. ಇನ್ನೊಂದು ಕೇಳಲಾ? ಯಾರನ್ನಾದರೂ ಅವಮಾನ ಮಾಡುವ ಹೆಸರಿದ್ದರೆ ಅದನ್ನಾದರೂ ಬದಲಿಸಬಹುದೇ?

ಹಾಳೆಮೇಲಿನಎಲೆ:

ಗಿಡಗಳಲ್ಲಿ ಈಗ ಒಂದು ಹೆಜ್ಜೆ ಇಟ್ಟಿದ್ದೇವೆ. 'ಕಾಫ್ರಾ' ಎಂಬ ಪದ ಆಫ್ರಿಕಾದ ಕಪ್ಪು ಜನರನ್ನು ಹೀಯಾಳಿಸಲು ಬಳಸಿದ ಪದದಿಂದ ಬಂದದ್ದು. ಇನ್ನೂರಕ್ಕೂ ಹೆಚ್ಚು ಹೆಸರುಗಳಲ್ಲಿ ಅದು ಇತ್ತು. 2024ರಲ್ಲಿ ಮ್ಯಾಡ್ರಿಡ್‌ನ ಸಸ್ಯವಿಜ್ಞಾನ ಸಮ್ಮೇಳನದಲ್ಲಿ ಮತ ಹಾಕಿ ಅದನ್ನು 'ಆಫ್ರಾ' ಎಂದು ಮಾಡಿದರು, ಆಫ್ರಿಕಾದ್ದು ಎಂಬ ಅರ್ಥದಲ್ಲಿ. ಒಂದು ಅಕ್ಷರ ತೆಗೆದರು, ಅಷ್ಟೇ. ಪ್ರಾಣಿಗಳ ಹೆಸರಿನ ನಿಯಮ ನೋಡಿಕೊಳ್ಳುವ ಆಯೋಗ ಇಂಥ ಬದಲಾವಣೆಗೆ ಒಪ್ಪಿಲ್ಲ, ಹೆಸರಿನ ಸ್ಥಿರತೆಯೇ ಮುಖ್ಯ ಎಂದಿದೆ. ನಾನು ಗಿಡದವರ ಕಡೆ.

ಹಳೆನೋಟ್‌ಬುಕ್:

ಎಲ್ಲರಿಗೂ ಮತ್ತೆ ನಮಸ್ಕಾರ. ಈ ಒಂದು ವಾರ ಪಟ್ಟಿಯನ್ನು ಮೊದಲಿನಿಂದ ಮಾಡುತ್ತಿದ್ದೇನೆ. ಹಳೆಯ ಹೆಸರನ್ನು ಅಳಿಸುತ್ತಿಲ್ಲ. ಒಂದು ಸಾಲು ಹೀಗಿದೆ: ಜಾಲಿ, ಮಿಮೋಸಾ ನಿಲೋಟಿಕಾ ಲಿನಿಯಸ್ 1753, ನಾನು ಬರೆದದ್ದು ಅಕೇಶಿಯಾ, ಈಗ ವಾಚೆಲಿಯಾ. ಹೀಗೆ ಬರೆದರೆ ಆಯಿತಲ್ಲ?

ಹಾಳೆಮೇಲಿನಎಲೆ:

ಆಯಿತು, ಚೆನ್ನಾಗಿದೆ. ನಾವು ಹರ್ಬೇರಿಯಂನಲ್ಲಿ ಮಾಡುವುದೂ ಇದನ್ನೇ. ಹಾಳೆಯ ಮೇಲಿನ ಹಳೆಯ ಚೀಟಿ ಕೀಳುವುದಿಲ್ಲ, ಪಕ್ಕದಲ್ಲಿ ಹೊಸದನ್ನು ಅಂಟಿಸುತ್ತೇವೆ. ಒಂದೇ ಎಲೆಯ ಮೇಲೆ ನಾಲ್ಕು ಜನರ ಕೈಬರಹ ಇರುವ ಹಾಳೆಗಳಿವೆ. ಪ್ರಾಣಿಗಳಿಗಾದರೆ ಒಂದು ಸುಳಿವೂ ಇರುತ್ತದೆ. ಸಿಂಹದ ಹೆಸರಿನ ಮುಂದೆ ಲಿನಿಯಸ್, 1758 ಎಂಬುದು ಕಂಸದೊಳಗೆ ಇರುತ್ತದೆ. ಕಂಸ ಇದ್ದರೆ ಮೊದಲು ಬೇರೆ ಕುಲದಲ್ಲಿತ್ತು ಎಂದು ಅರ್ಥ. ಲಿನಿಯಸ್ ಅದನ್ನು ಬೆಕ್ಕಿನ ಕುಲದಲ್ಲಿಟ್ಟು ಫೆಲಿಸ್ ಲಿಯೋ ಎಂದಿದ್ದರು, ಈಗ ಪ್ಯಾಂಥೆರಾ ಲಿಯೋ.

ಹಳೆನೋಟ್‌ಬುಕ್:

ಕಂಸದ ಗುಟ್ಟು ಈಗ ಗೊತ್ತಾಯಿತು! ಒಂದೇ ಒಂದು ಸಾಲು ಬಾಕಿ ಇದೆ, ಅಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಕಡಲತೀರಕ್ಕೆ ಹೋದಾಗ ಬರೆದ ಪುಟ. 'ಫೈಕಸ್, ಒಂದು, ಮರಳಿನ ಮೇಲೆ' ಎಂದಷ್ಟೇ ಇದೆ. ಮರಳಿನ ಮೇಲೆ ಆಲದ ಸಸಿ ಕಂಡದ್ದು ನನಗೆ ನೆನಪೇ ಇಲ್ಲ.

ಕಂಬಳಿಹುಳ:

ಅದು ಗಿಡವೇ ಆಗಬೇಕೆಂದಿಲ್ಲ! ಗಿಡಗಳ ನಿಯಮಾವಳಿ ಬೇರೆ, ಪ್ರಾಣಿಗಳದ್ದು ಬೇರೆ. ಒಂದರಲ್ಲಿ ಬಳಸಿದ ಹೆಸರನ್ನು ಇನ್ನೊಂದರಲ್ಲಿ ಬಳಸಲು ಅಡ್ಡಿಯಿಲ್ಲ. ಫೈಕಸ್ ಎಂಬ ಹೆಸರಿನ ಕಡಲ ಪ್ರಾಣಿಯೂ ಇದೆ. ಅದರ ಚಿಪ್ಪು ಅಂಜೂರದ ಆಕಾರದಲ್ಲಿರುತ್ತದೆ, ಅದಕ್ಕೇ ಆ ಹೆಸರು. ತೆಳ್ಳಗಿನ ಚಿಪ್ಪು, ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ. ಪುಟದಲ್ಲಿ ಬೇರೆ ಏನಾದರೂ ಗುರುತು ಇದೆಯಾ ನೋಡಿ.

ಹಳೆನೋಟ್‌ಬುಕ್:

ಈಗ ನೋಡಿದೆ. ಪುಟದ ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ ಹೆಬ್ಬೆರಳಷ್ಟು ಚಿತ್ರ ಬರೆದಿದ್ದೇನೆ. ಮಾಸಿಹೋಗಿದೆ, ಆದರೆ ಸುರುಳಿ ಕಾಣುತ್ತದೆ. ಬಸವನಹುಳುವಿನ ಬಳಗದ್ದೇ. ಇದೂ 'ಹುಳು' ಅಲ್ಲ, ಅಲ್ವಾ?

ಕಂಬಳಿಹುಳ:

ಅಲ್ಲ. ಮೃದ್ವಂಗಿ. ಆ ಚಿತ್ರದ ಫೋಟೋ ಹಾಕಿ, ಯಾವ ಪ್ರಭೇದ ಎಂದು ನೋಡೋಣ.